ಉಳಿದ ಹತ್ತೊಂಬತ್ತು ನಿಮಿಷ ಯಾರಿಗೆ?

ಕ್ರಿಕೆಟ್‌ನಲ್ಲಿ ಹನ್ನೆರಡನೇ ಆಟಗಾರ ನೀರಿನ ಬಾಟಲಿ ತರುತ್ತಾನೆ, ಗ್ಲೌಸ್ ತರುತ್ತಾನೆ, ಯಾರಿಗಾದರೂ ಪೆಟ್ಟಾದರೆ ಫೀಲ್ಡಿಂಗ್‌ಗೆ ನಿಲ್ಲುತ್ತಾನೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಬೆಂಚಿನಿಂದ ಎದ್ದು ಬಂದವನು ಪೂರ್ತಿ ಆಟಗಾರ. ಎಷ್ಟು ಸಲ ಬೇಕಾದರೂ ಒಳಗೆ ಬರಬಹುದು, ಹೊರಗೆ ಹೋಗಬಹುದು. ಅಮೆರಿಕದ ಎನ್‌ಬಿಎ ಪಂದ್ಯ 48 ನಿಮಿಷದ್ದು. ಚೆಂಡನ್ನು ಮುಂದಕ್ಕೆ ತಂದು ಆಟ ಕಟ್ಟುವ ಪಾಯಿಂಟ್ ಗಾರ್ಡ್ ಎಷ್ಟೇ ದೊಡ್ಡ ಹೆಸರಿನವನಾದರೂ ಅಷ್ಟೂ ಹೊತ್ತು, ಅದೂ ವರ್ಷಕ್ಕೆ 82 ಪಂದ್ಯ, ಓಡಲಾರ. 2013-14ರಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ಟೋನಿ ಪಾರ್ಕರ್ ಪಂದ್ಯಕ್ಕೆ ಸರಾಸರಿ 29 ನಿಮಿಷ ಆಡಿದ. ಉಳಿದ 19 ನಿಮಿಷ ಯಾರಿಗೆ?

ಹತ್ತು ವರ್ಷ ದಾಟಿದ ಈ ಪ್ರಶ್ನೆ ನನಗೆ ಇನ್ನೂ ಹಳತಾಗಿಲ್ಲ. ದಾವಣಗೆರೆಯಲ್ಲಿ ಓದುವಾಗ ನಾನು ಕಾಲೇಜು ತಂಡದ ಎರಡನೇ ಗಾರ್ಡ್. ಅಂದರೆ ಬೆಂಚಿನ ಮೇಲೆ ಕೂತು ಆಟ ಕಲಿತವನು. ಈಗ ಪುಣೆಯ ಚಾಕಣ್‌ನಲ್ಲಿ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಪಟ್ಟಿ ಮಾಡುವುದು ನನ್ನ ಕೆಲಸ. ಅಸೆಂಬ್ಲಿ ಲೈನಿನಲ್ಲಿ ನಿಂತವನು ಚಹಾಕ್ಕೆ ಹೋದರೆ, ಜ್ವರ ಬಂದು ಮಲಗಿದರೆ, ಅವನ ಜಾಗದಲ್ಲಿ ನಿಲ್ಲುವವನಿಗೆ ನಾವು ರಿಲೀವರ್ ಎನ್ನುತ್ತೇವೆ. ಲೈನ್ ಓಡುತ್ತಿದ್ದಾಗ ಅವನ ಹೆಸರು ಯಾರಿಗೂ ನೆನಪಿರುವುದಿಲ್ಲ. ನಿಂತರೆ ಮಾತ್ರ ಎಲ್ಲರೂ ಅವನನ್ನೇ ಹುಡುಕುತ್ತಾರೆ.

ಸ್ಪರ್ಸ್ ಕೋಚ್ ಗ್ರೆಗ್ ಪೊಪೊವಿಚ್ ಅವರ ಮುಂದೆ ಇದ್ದವರು ಮುಖ್ಯವಾಗಿ ಇಬ್ಬರು, ಪ್ಯಾಟಿ ಮಿಲ್ಸ್ ಮತ್ತು ಕೋರಿ ಜೋಸೆಫ್. ಮಿಲ್ಸ್ ಆಸ್ಟ್ರೇಲಿಯಾದವನು, ಆರಡಿ ಎತ್ತರ. ನಮ್ಮ ಬೀದಿಯಲ್ಲಿ ಎತ್ತರದವನು ಅನಿಸಿಕೊಂಡಾನು, ಎನ್‌ಬಿಎಯಲ್ಲಿ ಕುಳ್ಳ. 2009ರ ಆಯ್ಕೆಯಲ್ಲಿ 55ನೇ ಸ್ಥಾನದಲ್ಲಿ ಪೋರ್ಟ್‌ಲ್ಯಾಂಡ್ ತಂಡಕ್ಕೆ ಬಂದು, ನಡುವೆ ಚೀನಾದಲ್ಲೂ ಆಡಿ, 2012ರಲ್ಲಿ ಸ್ಪರ್ಸ್ ಸೇರಿದ. ಜೋಸೆಫ್ ಕೆನಡಾದ ಟೊರೊಂಟೊದವನು, ಮಿಲ್ಸ್‌ಗಿಂತ ಮೂರು ಇಂಚು ಎತ್ತರ, ಮೂರು ವರ್ಷ ಚಿಕ್ಕವ. 2011ರಲ್ಲಿ 29ನೇ ಆಯ್ಕೆ.

ಮಿಲ್ಸ್ ಕೈಗೆ ಚೆಂಡು ಬಂದರೆ ಬುಟ್ಟಿಯತ್ತ ಹೋಗುವುದೇ ಮೊದಲು, ಯೋಚನೆ ಆಮೇಲೆ. ಸೇರಿದ ವರ್ಷವೇ, ಹಿರಿಯರಿಗೆ ವಿಶ್ರಾಂತಿ ಕೊಟ್ಟಿದ್ದ ಲೀಗಿನ ಕೊನೆಯ ಪಂದ್ಯದಲ್ಲಿ 34 ಅಂಕ ಹೊಡೆದಿದ್ದ. ಜೋಸೆಫ್ ಅದಕ್ಕೆ ವಿರುದ್ಧ. ಚೆಂಡನ್ನು ಜೋಪಾನ ಮಾಡುತ್ತಾನೆ, ಎದುರಾಳಿ ಗಾರ್ಡ್‌ಗೆ ಅಂಟಿಕೊಂಡು ನಿಲ್ಲುತ್ತಾನೆ, ಹೇಳಿದ ಆಟ ಆಡುತ್ತಾನೆ. ತಾನೇ ಕೇಳಿಕೊಂಡು ಕೆಳಗಿನ ಲೀಗಿನ ಆಸ್ಟಿನ್ ತಂಡಕ್ಕೆ ಆಡಲು ಹೋದವನು ಅವನು. ಎನ್‌ಬಿಎ ಬೆಂಚಿನಲ್ಲಿ ಹಾಯಾಗಿ ಕೂರುವ ಬದಲು ಸಣ್ಣ ಕೋರ್ಟಿನಲ್ಲಿ ಬೆವರು ಹರಿಸುತ್ತೇನೆ ಎನ್ನುವ ಹುಡುಗರು ಕಡಿಮೆ. ಹೆಡ್ ಆಫೀಸಿನ ಕುರ್ಚಿ ಬಿಟ್ಟು ತಾನಾಗಿ ಸೈಟಿಗೆ ಹೋಗುತ್ತೇನೆ ಎಂದವರನ್ನು ನೀವು ಎಷ್ಟು ಜನ ಕಂಡಿದ್ದೀರಿ?

ಅದರ ಫಲ 2013ರ ಮಾರ್ಚ್‌ನಲ್ಲಿ ಸಿಕ್ಕಿತು. ಪಾರ್ಕರ್‌ಗೆ ಕಾಲು ಉಳುಕಿತು. ಸಾಲಿನಲ್ಲಿ ಮಿಲ್ಸ್ ಇದ್ದ, ಫ್ರಾನ್ಸಿನ ನಾಂಡೊ ಡಿ ಕೋಲೊ ಕೂಡ ಇದ್ದ. ಪೊಪೊವಿಚ್ ಇಬ್ಬರನ್ನೂ ದಾಟಿ ಜೋಸೆಫ್‌ನನ್ನು ಆರಂಭದ ಐವರಲ್ಲಿ ಇಳಿಸಿದರು. ಆ ವರ್ಷದ ಪ್ಲೇ-ಆಫ್‌ನಲ್ಲೂ ಎರಡನೇ ಗಾರ್ಡ್ ಅವನೇ. ಮಿಲ್ಸ್ ಬೆಂಚಿನ ತುದಿಯಲ್ಲಿ ಟವೆಲ್ ಬೀಸುತ್ತಾ ಉಳಿದ. ಅವನ ಟವೆಲ್ ಬೀಸುವಿಕೆ ಅವನ ಆಟಕ್ಕಿಂತ ಹೆಚ್ಚು ಪ್ರಸಿದ್ಧಿಯಾಯಿತು. ಮಯಾಮಿ ವಿರುದ್ಧದ ಫೈನಲ್‌ನ ಆರನೇ ಪಂದ್ಯದಲ್ಲಿ, ಕೊನೆಯ ಕ್ಷಣಗಳಲ್ಲಿ ರೇ ಆ್ಯಲನ್ ಹೊಡೆದ ಮೂರಂಕದ ಶಾಟ್ ಸ್ಪರ್ಸ್ ಕೈಗೆ ಬಂದಿದ್ದ ಟ್ರೋಫಿಯನ್ನು ಕಸಿಯಿತು. ಏಳನೆಯದರಲ್ಲೂ ಸೋತರು.

ಆ ಬೇಸಿಗೆಯಲ್ಲಿ ಮಿಲ್ಸ್ ಊಟ ಬದಲಿಸಿದ, ತೂಕ ಇಳಿಸಿದ. ಮರಳಿ ಬಂದಾಗ ಆಳೇ ಬೇರೆ. ಪಂದ್ಯಕ್ಕೆ ಸುಮಾರು 19 ನಿಮಿಷ ಸಿಕ್ಕಿತು, ಸರಾಸರಿ 10 ಅಂಕ ಕೊಟ್ಟ. ಮೂರಂಕದ ಗೆರೆಯಾಚೆಯಿಂದ ನೂರಕ್ಕೆ 42ಕ್ಕೂ ಹೆಚ್ಚು ಶಾಟ್ ಬುಟ್ಟಿಗೆ ಬಿದ್ದವು. ಎದುರಾಳಿ ಚೆಂಡು ತರುವಾಗ ಕೋರ್ಟಿನ ಆ ತುದಿಯಿಂದಲೇ ಸೊಳ್ಳೆಯ ಹಾಗೆ ಬೆನ್ನುಹತ್ತುತ್ತಿದ್ದ.

ಹಾಗಾದರೆ ಮಿಲ್ಸ್ ಗೆದ್ದ, ಜೋಸೆಫ್ ಸೋತ ಎಂದು ಬರೆದು ಮುಗಿಸಬಹುದಿತ್ತು. ಆಗ ಬಹಳ ಜನ ಹಾಗೆಯೇ ಮಾತಾಡಿದರು. ನನಗೆ ವಿಷಯ ರುಚಿಸುವುದೇ ಇಲ್ಲಿಂದ. ಅದೇ 2013-14ರಲ್ಲಿ ಪಾರ್ಕರ್ ಆಡದ ದಿನ ಆರಂಭದ ಐವರಲ್ಲಿ ಹೆಚ್ಚಾಗಿ ನಿಂತವನು ಜೋಸೆಫ್! ಮಿಲ್ಸ್ ಮಾತ್ರ ತನ್ನ ಎಂದಿನ ಹೊತ್ತಿಗೆ ಬೆಂಚಿನಿಂದಲೇ ಎದ್ದು ಬರುತ್ತಿದ್ದ. ಎರಡನೆಯವನು ಬೆಂಚಿನಲ್ಲಿ, ಮೂರನೆಯವನು ಮೊದಲನೆಯವನ ಜಾಗದಲ್ಲಿ. ಲೆಕ್ಕ ತಪ್ಪಿದಂತೆ ಕಾಣುತ್ತದಲ್ಲವೇ?

ಯಾರು ಯಾರ ಜೊತೆ ಆಡುತ್ತಾರೆ ಎಂದು ನೋಡಿದರೆ ಗೊತ್ತಾಗುತ್ತದೆ. ಸ್ಪರ್ಸ್ ಬೆಂಚಿನಿಂದ ಬರುವವರಲ್ಲಿ ಅರ್ಜೆಂಟೀನಾದ ಮನು ಜಿನೊಬಿಲಿ ಇದ್ದ. ಯಾವ ತಂಡದಲ್ಲಾದರೂ ಆರಂಭದ ಐವರಲ್ಲಿ ನಿಲ್ಲಬಹುದಾದ, ಆದರೂ ತಂಡಕ್ಕಾಗಿ ಬೆಂಚು ಒಪ್ಪಿಕೊಂಡ ಆಟಗಾರ. ಚೆಂಡು ಅವನ ಕೈಯಲ್ಲಿರುತ್ತಿತ್ತು. ಜೊತೆಗೆ ಪಾಸ್ ಕೊಡುವುದರಲ್ಲಿ ಪಳಗಿದ ಬೋರಿಸ್ ಡಿಯಾವ್. ಇಂಥವರ ಪಕ್ಕದಲ್ಲಿ ಇನ್ನೊಬ್ಬ ಜೋಪಾನದ ಗಾರ್ಡ್ ಇದ್ದರೆ ಅಡುಗೆಮನೆಯಲ್ಲಿ ಇಬ್ಬರು ಒಂದೇ ಸೌಟಿಗೆ ಕೈ ಹಾಕಿದಂತೆ. ಬೇಕಾದದ್ದು ಚೆಂಡಿಲ್ಲದೆ ಓಡಿ, ಸಿಕ್ಕ ಕೂಡಲೇ ದೂರದಿಂದ ಹೊಡೆಯುವವನು. ಅದು ಮಿಲ್ಸ್. ಆರಂಭದ ಐವರಲ್ಲಿ ಟಿಮ್ ಡಂಕನ್, ಕವಾಯ್ ಲಿಯೊನಾರ್ಡ್ ಅಂಥವರಿದ್ದಾಗ ಬೇಕಾದದ್ದು ಚೆಂಡನ್ನು ಸುರಕ್ಷಿತವಾಗಿ ಮುಟ್ಟಿಸಿ, ಎದುರಾಳಿಯ ಅತಿ ವೇಗದ ಗಾರ್ಡನ್ನು ತಡೆಯುವವನು. ಅದು ಜೋಸೆಫ್. ಪಾರ್ಕರ್ ಇಲ್ಲವೆಂದು ಮಿಲ್ಸ್‌ನನ್ನು ಮೇಲಕ್ಕೆ ತಂದರೆ ಒಂದು ತೂತು ಮುಚ್ಚಲು ಹೋಗಿ ಎರಡು ತೂತಾಗುತ್ತಿತ್ತು.

ಇದಕ್ಕೆ ನನ್ನ ಸಾಕ್ಷಿ 2014ರ ಮೇ 31ರ ಪಂದ್ಯ, ಒಕ್ಲಹಾಮಾ ಸಿಟಿ ವಿರುದ್ಧ. ಗೆದ್ದರೆ ಫೈನಲ್. ಅರ್ಧ ಆಟಕ್ಕೆ ಪಾರ್ಕರ್ ಕಾಲಿನ ನೋವಿನಿಂದ ಹೊರಗೆ ಕೂತ. ಎದುರಿಗೆ ರಸೆಲ್ ವೆಸ್ಟ್‌ಬ್ರೂಕ್, ಬೆಂಕಿಯುಂಡೆ. ದ್ವಿತೀಯಾರ್ಧಕ್ಕೆ ಪೊಪೊವಿಚ್ ಕಳಿಸಿದ್ದು ಜೋಸೆಫ್‌ನನ್ನು. ನಾಲ್ಕೇ ದಿನ ಹಿಂದೆ, ಸೋತ ಪಂದ್ಯದಲ್ಲಿ ಹಿರಿಯರನ್ನೆಲ್ಲ ಕೂರಿಸಿ ಹುಡುಗರನ್ನು ಇಳಿಸಿದಾಗ, ಈ ಜೋಸೆಫ್ ಸರ್ಜ್ ಇಬಾಕಾನಂಥ ದೈತ್ಯನ ತಲೆಯ ಮೇಲಿಂದ ಚೆಂಡನ್ನು ಬುಟ್ಟಿಗೆ ತುರುಕಿದ್ದ. ಆರನೇ ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ ಸ್ಪರ್ಸ್ 112-107ರಿಂದ ಗೆದ್ದರು. ಡಿಯಾವ್ 26 ಅಂಕ ಗಳಿಸಿ ಸುದ್ದಿಯಾದ. ಜೋಸೆಫ್ ಸುದ್ದಿಯಾಗಲಿಲ್ಲ. ಪಾರ್ಕರ್ ಇಲ್ಲದೆಯೂ ಮನೆ ಕುಸಿಯದಂತೆ ನಿಂತ ಕಂಬಗಳಲ್ಲಿ ಅವನೂ ಒಂದು.

ಫೈನಲ್‌ನಲ್ಲಿ ಮತ್ತೆ ಮಯಾಮಿ. ನಿರ್ಣಾಯಕವಾದ ಐದನೇ ಪಂದ್ಯ ನಮ್ಮ ಗಡಿಯಾರದಲ್ಲಿ ಜೂನ್ 16ರ ಸೋಮವಾರ ಬೆಳಿಗ್ಗೆ ಐದೂವರೆಗೆ. ಆ ವಾರ ನನಗೆ ಸೆಕೆಂಡ್ ಶಿಫ್ಟ್, ಪೂರ್ತಿ ನೋಡಿದೆ. ಆರಂಭದಲ್ಲೇ 22-6ರ ಹಿನ್ನಡೆ. ಜಿನೊಬಿಲಿ ಎದ್ದು ಬಂದು ಆಟ ತಿರುಗಿಸಿದ. ಮೂರನೇ ಕ್ವಾರ್ಟರ್‌ನಲ್ಲಿ ಮಿಲ್ಸ್ ಒಬ್ಬನೇ 14 ಅಂಕ ಹೊಡೆದ, ಒಟ್ಟು 17. ಒಂದಾದ ಮೇಲೊಂದು ಮೂರಂಕ ಬೀಳುತ್ತಿದ್ದರೆ ಲೆಬ್ರಾನ್ ಜೇಮ್ಸ್ ಅಂಥವನೇ ಸೊಂಟದ ಮೇಲೆ ಕೈಯಿಟ್ಟು ನಿಂತಂತೆ ನನಗೆ ಕಂಡಿತು. ಅಂತಿಮ ಅಂಕ 104-87. ಜೋಸೆಫ್‌ಗೆ ಆ ಫೈನಲ್‌ನಲ್ಲಿ ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು ನಿಮಿಷ. ಮಿಲ್ಸ್ ಭುಜದ ಸ್ನಾಯು ಹರಿದುಕೊಂಡೇ ಆಡಿದ್ದ ಎಂಬುದು ಆಮೇಲೆ ತಿಳಿಯಿತು. ಜುಲೈನಲ್ಲಿ ಶಸ್ತ್ರಚಿಕಿತ್ಸೆಯಾಯಿತು.

ಆಟದ ಲೆಕ್ಕಕ್ಕೆ ಸೇರದ ಒಂದು ಸಂಗತಿ ಇದೆ, ಊರು ಬಿಟ್ಟ ನಮಗೆ ಹೇಳದೆ ಇರಲಾರೆ. ಮಿಲ್ಸ್ ಆಸ್ಟ್ರೇಲಿಯಾದ ಮೂಲನಿವಾಸಿ, ಟಾರೆಸ್ ಜಲಸಂಧಿಯ ದ್ವೀಪವಾಸಿ ಬೇರಿನವನು. ಎಡ್ಡಿ ಮಾಬೊ ಅವನಿಗೆ ಅಜ್ಜನ ತಲೆಮಾರಿನ ಬಂಧು. ಬ್ರಿಟಿಷರು ಬರುವ ಮೊದಲು ಈ ನೆಲ ಯಾರದ್ದೂ ಆಗಿರಲಿಲ್ಲ ಎಂಬ ಕಾನೂನಿನ ಕಟ್ಟುಕಥೆಯನ್ನು ಪ್ರಶ್ನಿಸಿ ವರ್ಷಗಟ್ಟಲೆ ಹೋರಾಡಿದವರು ಮಾಬೊ. 1992ರ ಜೂನ್ 3ರಂದು ಅಲ್ಲಿನ ಹೈಕೋರ್ಟ್ ಅವರ ವಾದವನ್ನು ಎತ್ತಿಹಿಡಿಯಿತು. ಅದನ್ನು ಕೇಳಲು ಅವರಿರಲಿಲ್ಲ, ಜನವರಿಯಲ್ಲೇ ತೀರಿಕೊಂಡಿದ್ದರು. 2014ರ ಫೈನಲ್ ತಯಾರಿಯ ನಡುವೆ ಜೂನ್ 3 ಬಂತು. ಪೊಪೊವಿಚ್ ತಂಡವನ್ನು ಕೂರಿಸಿ ಮಾಬೊ ಯಾರು, ಈ ದಿನ ಏನು ಎಂದು ಹೇಳಿದರು. ಕೇಳುತ್ತಿದ್ದವರಲ್ಲಿ ಫ್ರಾನ್ಸ್, ಬ್ರೆಜಿಲ್, ಇಟಲಿ, ಅರ್ಜೆಂಟೀನಾದವರಿದ್ದರು. ಸಾವಿರಾರು ಮೈಲಿ ದೂರದ ಟೆಕ್ಸಾಸ್‌ನಲ್ಲಿ ಬೆಂಚಿನ ಆಟಗಾರನೊಬ್ಬನ ಮನೆಯ ಮಾತು! ಪುಣೆಗೆ ಬಂದ ಹೊಸದರಲ್ಲಿ, ದಾವಣಗೆರೆ ಎಂದರೆ ಬೆಣ್ಣೆ ದೋಸೆ ಅಲ್ಲವೇ ಎಂದು ಕೇಳುವಷ್ಟು ಗೊತ್ತಿರುವ ಮೇಲಧಿಕಾರಿ ಸಿಕ್ಕಿದ್ದರೂ ನನಗೆ ಸಾಕಿತ್ತು.

ಈಗ ನನ್ನ ಕೈಯಲ್ಲಿರುವ ಪಟ್ಟಿ. ರಾತ್ರಿ ಪಾಳಿಗೆ ಒಬ್ಬ ಕಾಯಂ ರಿಲೀವರ್ ಬೇಕು. ಇಬ್ಬರಿದ್ದಾರೆ, ಒಬ್ಬ ಸೋಲಾಪುರದವನು, ಒಬ್ಬ ನಮ್ಮ ವಿಜಯಪುರದವನು. ಗೋಡೆಯ ಮೇಲಿನ ಸ್ಕಿಲ್ ಮ್ಯಾಟ್ರಿಕ್ಸ್ ನೋಡಿದರೆ ಸೋಲಾಪುರದವನು ಮುಂದೆ, ಒಂಬತ್ತೂ ಸ್ಟೇಷನ್ ಬಲ್ಲ. ವಿಜಯಪುರದವನಿಗೆ ನಾಲ್ಕೇ ಬರುತ್ತವೆ, ಆದರೆ ಆ ನಾಲ್ಕರಲ್ಲಿ ಅವನ ಕೈವೇಗ ಯಾರಿಗೂ ಇಲ್ಲ. ರಾತ್ರಿ ಪಾಳಿಯಲ್ಲಿ ಹಿರಿಯ ಸೆಟ್ಟರ್ ಒಬ್ಬರು ಯಾವಾಗಲೂ ಇರುತ್ತಾರೆ, ಯಂತ್ರ ಕೆಟ್ಟರೆ ಅವರು ನೋಡಿಕೊಳ್ಳುತ್ತಾರೆ. ಮಾಲು ಕಟ್ಟಿಕೊಳ್ಳುವುದು ಆ ನಾಲ್ಕು ಸ್ಟೇಷನ್‌ಗಳಲ್ಲೇ. ಆದ್ದರಿಂದ ರಾತ್ರಿಗೆ ವಿಜಯಪುರದವನ ಹೆಸರು ಬರೆದಿದ್ದೇನೆ. ಊರಿನ ಅಭಿಮಾನ ಎಂದು ಆಡಿಕೊಳ್ಳುವವರು ಆಡಿಕೊಳ್ಳಲಿ. ಹಗಲು ಪಾಳಿಯಲ್ಲಿ ಲೈನ್ ಲೀಡರ್ ರಜೆ ಹಾಕಿದ ದಿನ ಅವರ ಜಾಗದಲ್ಲಿ ನಿಲ್ಲುವವನು ಸೋಲಾಪುರದವನೇ. ಇಬ್ಬರನ್ನೂ ಕೂರಿಸಿ ಕಾರಣ ಹೇಳಿದ್ದೇನೆ. ಸೋಲಾಪುರದವನ ಮುಖ ಇನ್ನೂ ಸಡಿಲವಾಗಿಲ್ಲ. ರಾತ್ರಿ ಪಾಳಿಯ ಭತ್ಯೆ ಕೈತಪ್ಪಿದೆ, ತಂಗಿಯ ಮದುವೆ ಎದುರಿಗಿದೆ.

ಹಣದ ಮಾತಿಗೆ ಬಂದರೆ ಸ್ಪರ್ಸ್ ಕಥೆಯೂ ತಿರುಗಿತು. ಭುಜದ ಗಾಯದ ನಡುವೆ ಮಿಲ್ಸ್ ಮೂರು ವರ್ಷಕ್ಕೆ ಸುಮಾರು 1.2 ಕೋಟಿ ಡಾಲರ್‌ಗೆ ಸಹಿ ಹಾಕಿದ. ಮುಂದಿನ ವರ್ಷ ಜೋಸೆಫ್ ತನ್ನ ಹುಟ್ಟೂರು ಟೊರೊಂಟೊಗೆ ಹೋದ, ನಾಲ್ಕು ವರ್ಷಕ್ಕೆ ಸುಮಾರು 3 ಕೋಟಿ ಡಾಲರ್! ಮಿಲ್ಸ್ 2021ರವರೆಗೆ ಸ್ಪರ್ಸ್‌ನಲ್ಲೇ ಉಳಿದ. ಆ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾದ ಧ್ವಜ ಹಿಡಿದ, ಕಂಚಿನ ಪಂದ್ಯದಲ್ಲಿ 42 ಅಂಕ ಹೊಡೆದು ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ ದೇಶಕ್ಕೆ ಮೊದಲ ಒಲಿಂಪಿಕ್ ಪದಕ ತಂದ. ಜೋಸೆಫ್ ಊರಿಂದ ಊರಿಗೆ, ತಂಡದಿಂದ ತಂಡಕ್ಕೆ ಅಲೆದ. 2025ರ ಏಪ್ರಿಲ್‌ನಲ್ಲಿ, ಒರ್ಲ್ಯಾಂಡೊ ತಂಡದ ಕಾಯಂ ಗಾರ್ಡ್ ಗಾಯಗೊಂಡಿದ್ದಾಗ, ಬೋಸ್ಟನ್ ವಿರುದ್ಧದ ಪ್ಲೇ-ಆಫ್‌ನಲ್ಲಿ ಆರಂಭದ ಐವರಲ್ಲಿ ನಿಂತವನು 33 ವರ್ಷದ ಅದೇ ಜೋಸೆಫ್.