ಚಿರತೆಯ ನೆರೆಯಲ್ಲಿ ನಾಯಿ ಸಾಕುವವರಿಗೆ

ನೆಲಮಂಗಲವನ್ನು ಹಿಂದಿಕ್ಕಿ ತುಮಕೂರಿನ ಹೆದ್ದಾರಿಯಲ್ಲಿ ದಾಬಸ್‌ಪೇಟೆಯತ್ತ ಸಾಗುವವರಿಗೆ ಎಡಗಡೆಯಲ್ಲಿ ಶಿವಗಂಗೆಯ ಶಿಖರವು ಗೋಚರಿಸುವುದು. ದೊಡ್ಡಬಳ್ಳಾಪುರದ ಬಯಲಿನಿಂದ ನೋಡಿದರೆ ಮಾಕಳಿದುರ್ಗವೂ, ದೇವನಹಳ್ಳಿಯಿಂದ ಉತ್ತರಕ್ಕೆ ನೋಡಿದರೆ ನಂದಿಯ ಗಿರಿಶ್ರೇಣಿಯೂ ಕಣ್ಣಿಗೆ ಬೀಳುವುವು. ದೂರದಿಂದ ಬರಿಯ ಬೋಳುಬಂಡೆಗಳೆಂದು ತೋರಿದರೂ, ಬುಡಕ್ಕೆ ಹೋಗಿ ನಿಂತವನಿಗೆ ಉರುಳಿಬಿದ್ದ ಗುಂಡುಗಳೂ, ಗುಂಡುಗಳ ನಡುವಣ ಗವಿಗಳೂ, ಗವಿಯ ಬಾಯನ್ನು ಮುಚ್ಚಿ ಬೆಳೆದ ಲಂಟಾನದ ಪೊದೆಗಳೂ, ಅವುಗಳಾಚೆ ರೈತರ ನೀಲಗಿರಿ ತೋಪುಗಳೂ ಕಾಣಿಸುತ್ತವೆ. ಹಗಲನ್ನು ನಿಶ್ಶಬ್ದವಾಗಿ ಕಳೆದು ಇರುಳಿನಲ್ಲಿ ಸಂಚರಿಸುವ ಪ್ರಾಣಿಗೆ ಇದಕ್ಕಿಂತ ಅನುಕೂಲವಾದ ವಾಸಸ್ಥಾನವು ದುರ್ಲಭ. 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆದ ಬಳಿಕ ಹೊಸ ಬಡಾವಣೆಗಳೂ ತೋಟದ ಮನೆಗಳೂ ಬೆಟ್ಟದ ಬುಡಗಳವರೆಗೆ ಹಬ್ಬಿದುವು. ಆ ಮನೆಗಳ ಅಂಗಳದಲ್ಲಿ ಕಟ್ಟಿಹಾಕಿದ್ದ ನಾಯಿಯು ಬೆಳಗಾಗುವಷ್ಟರಲ್ಲಿ ಇಲ್ಲವಾಗಿ, ಸರಪಳಿ ಮಾತ್ರ ಉಳಿದಿರುವ ಸಂಗತಿಯು ಈ ಸೀಮೆಯಲ್ಲಿ ಈಗ ಅಪೂರ್ವವಾದುದಲ್ಲ.

ಹೀಗಾದಾಗಲೆಲ್ಲ ಕೇಳಿಬರುವ ಮಾತು ಒಂದೇ: ‘ಕಾಡಿನ ಚಿರತೆ ಊರಿಗೆ ಬಂದಿದೆ, ಹಿಡಿದು ಕಾಡಿಗೆ ಬಿಡಿ.’ ಈ ಮಾತಿನ ಎರಡು ಭಾಗಗಳೂ ಪರೀಕ್ಷೆಗೆ ನಿಲ್ಲವು. ಮೊದಲನೆಯದನ್ನು ನೋಡಿ: ಮಹಾರಾಷ್ಟ್ರದ ಅಕೋಲೆಯ ಕಣಿವೆಯಲ್ಲಿ ಕಾಡೆಂಬುದಿಲ್ಲ. ಕಬ್ಬಿನ ಗದ್ದೆಗಳೂ ಜನವಸತಿಯೂ ತುಂಬಿವೆ. ವನ್ಯಜೀವಿ ಸಂಶೋಧಕಿ ವಿದ್ಯಾ ಅತ್ರೇಯ ಮತ್ತು ಅವರ ಸಂಗಡಿಗರು ಅಲ್ಲಿ ಕ್ಯಾಮೆರಾಗಳನ್ನು ಕಟ್ಟಿ ನೋಡಿದಾಗ, ನೂರು ಚದರ ಕಿಲೋಮೀಟರಿಗೆ ಸುಮಾರು ಐದರಂತೆ ವಯಸ್ಕ ಚಿರತೆಗಳು ನೆಲೆನಿಂತು, ಅಲ್ಲಿಯೇ ಮರಿಮಾಡಿ ಬದುಕುತ್ತಿದ್ದುದು ವ್ಯಕ್ತವಾಯಿತು. 2013ರಲ್ಲಿ ಪ್ರಕಟವಾದ ಆ ಅಧ್ಯಯನವು ಚಿರತೆಯ ವಿಷಯವಾಗಿ ನಮ್ಮ ಗ್ರಹಿಕೆಯನ್ನೇ ಬದಲಿಸಿತು. ಒಂದು ಚಿರತೆಯ ಮೈಮೇಲಿನ ಚುಕ್ಕೆಗಳ ವಿನ್ಯಾಸವು ಮನುಷ್ಯನ ಬೆರಳಚ್ಚಿನಂತೆ ಇನ್ನೊಂದರದಕ್ಕೆ ಹೋಲದಿರುವುದರಿಂದ, ಚಿತ್ರಗಳನ್ನು ತಾಳೆನೋಡಿ ಲೆಕ್ಕಹಾಕುವುದು ಸಾಧ್ಯ. ಇದೇ ಕ್ರಮದಿಂದ ವನ್ಯಜೀವಿ ಸಂಶೋಧಕ ಸಂಜಯ ಗುಬ್ಬಿಯವರ ತಂಡವು ಬೆಂಗಳೂರಿನ ಅಂಚಿನಲ್ಲಿ 80ರಿಂದ 85 ಚಿರತೆಗಳಿರುವುವೆಂದು ಅಂದಾಜುಮಾಡಿದೆ. ಅವುಗಳಲ್ಲಿ ಹೆಚ್ಚಿನವು ಬನ್ನೇರುಘಟ್ಟದ ರಾಷ್ಟ್ರೀಯ ಉದ್ಯಾನದವಾದರೂ, ಉಳಿದವು ಹೆಸರುಘಟ್ಟ, ಮಾರಸಂದ್ರಗಳಂಥ ಹುಲ್ಲುಗಾವಲು, ತೋಪು, ಕುರುಚಲುಗಳಲ್ಲಿಯೇ ಇರತಕ್ಕವು. ಅವು ದಾರಿತಪ್ಪಿ ಬಂದ ಅತಿಥಿಗಳಲ್ಲ, ಇಲ್ಲಿನ ನಿವಾಸಿಗಳು.

ಹುಲಿಯು ನಿಲ್ಲಲಾರದ ಎಡೆಯಲ್ಲಿ ಚಿರತೆಯು ಹೇಗೆ ನಿಲ್ಲಬಲ್ಲುದೆಂಬುದಕ್ಕೆ ಕಾರಣವು ಅದರ ದೇಹದಲ್ಲಿಯೂ ಅಭ್ಯಾಸಗಳಲ್ಲಿಯೂ ಇದೆ. ಹುಲಿಗೆ ಕಡವೆ, ಕಾಡೆಮ್ಮೆಗಳಂಥ ದೊಡ್ಡ ಬೇಟೆ ಬೇಕು. ಚಿರತೆಗಾದರೋ ಮೊಲ, ನವಿಲು, ಮುಳ್ಳುಹಂದಿ, ಕೋತಿ, ಕಾಡುಹಂದಿಯ ಮರಿ, ಯಾವುದಾದರೂ ಸಲ್ಲುವುದು. ಪೂರ್ಣಪ್ರಾಯದ ಗಂಡಿನ ತೂಕವು ಸಾಮಾನ್ಯವಾಗಿ 50ರಿಂದ 70 ಕಿಲೋಗ್ರಾಮು, ಹೆಣ್ಣಿನದು ಅದಕ್ಕಿಂತ ಸಾಕಷ್ಟು ಕಡಿಮೆ. ಇಂಥ ಶರೀರವು ಒಂದು ಲಂಟಾನದ ಮೆಳೆಯ ಹಿಂದೆ ಇಡೀ ದಿನ ಅಡಗಿರಬಲ್ಲುದು. ಅಕ್ಷಿಪಟಲದ ಹಿಂದಿರುವ ಹೊಳಪಿನ ಪದರವು ಒಳಹೊಕ್ಕ ಬೆಳಕನ್ನು ಮತ್ತೊಮ್ಮೆ ಪ್ರತಿಫಲಿಸುವುದರಿಂದ, ನಮಗೆ ಕಗ್ಗತ್ತಲೆಯಾಗಿರುವಾಗಲೂ ಅದಕ್ಕೆ ದಾರಿ ಕಾಣುವುದು. ಉಗುರುಗಳನ್ನು ಒಳಸೇರಿಸಿಕೊಂಡು ಮೆತ್ತನೆಯ ಅಂಗಾಲುಗಳಿಂದ ಬೇಟೆಯ ಸಮೀಪಕ್ಕೆ ಸರಿದು, ಕೆಲವೇ ಮಾರುಗಳ ದೂರವನ್ನು ಒಂದೇ ಓಟದಲ್ಲಿ ದಾಟಿ, ಕೊರಳನ್ನು ಕಚ್ಚಿ ಉಸಿರುಕಟ್ಟಿಸುವುದು ಅದರ ಪದ್ಧತಿ. ಬಹುದೂರ ಅಟ್ಟಿಕೊಂಡು ಹೋಗುವ ಪ್ರಾಣಿಯಲ್ಲ ಅದು. ಮನುಷ್ಯನ ಕಣ್ಣಿಗೆ ಬೀಳದಿರುವುದೇ ಅದರ ಬಾಳಿನ ಮುಖ್ಯ ಪ್ರಯತ್ನ.

ಇಂಥ ಪ್ರಾಣಿಯನ್ನು ಮನೆಯ ಬಾಗಿಲಿನವರೆಗೆ ಎಳೆದುತರುವುದು ನಾಯಿ. ಅಕೋಲೆಯ ಚಿರತೆಗಳ ಮಲವನ್ನು ಪರೀಕ್ಷಿಸಿದಾಗ, ಅವು ತಿಂದ ಮಾಂಸದ ತೂಕದಲ್ಲಿ ನೂರಕ್ಕೆ 87 ಪಾಲು ಸಾಕುಪ್ರಾಣಿಗಳದೆಂದೂ, ನಾಯಿಯೊಂದರದೇ 39 ಪಾಲೆಂದೂ ತಿಳಿದುಬಂದಿತು. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ನಾಯಿಗೆ ಕೊಂಬಿಲ್ಲ, ಗೊರಸಿಲ್ಲ. ತಾನಿರುವ ತಾಣವನ್ನು ರಾತ್ರಿಯೆಲ್ಲ ಬೊಗಳಿ ತಿಳಿಸುವುದು. ಕಾವಲಿಗೆಂದು ನಾವು ಅದನ್ನು ಸರಪಳಿಯಲ್ಲಿ ಬಿಗಿದು ಗೇಟಿನ ಬಳಿ ನಿಲ್ಲಿಸಿದಾಗ, ಓಡಿ ತಪ್ಪಿಸಿಕೊಳ್ಳುವ ಏಕೈಕ ಉಪಾಯವನ್ನೂ ಅದರಿಂದ ಕಸಿದುಕೊಂಡಂತಾಗುವುದು. ಒಡೆಯನ ನಂಬಿಕೆಗೆ ಪಾತ್ರವಾದ ಜೀವವನ್ನು ಹೀಗೆ ಇರುಳಿನ ಪಾಲಿಗೆ ಒಪ್ಪಿಸುವುದು ನ್ಯಾಯವಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಹೊತ್ತು ಮುಳುಗಿದ ಮೇಲೆ ಬೆಳಕು ಹರಿಯುವವರೆಗೆ ನಾಯಿಯು ಮನೆಯೊಳಗಿರಬೇಕು. ಅದು ಆಗದಿದ್ದರೆ ಗಟ್ಟಿಯಾದ ಕಬ್ಬಿಣದ ಜಾಲರಿಯ ಗೂಡು ಬೇಕು, ಮತ್ತು ಆ ಗೂಡಿಗೆ ಮಾಡು ಇರಲೇಬೇಕು. ಆಳೆತ್ತರದ ಕಾಂಪೌಂಡು ಗೋಡೆಯನ್ನು ಚಿರತೆಯು ಪ್ರಯಾಸವಿಲ್ಲದೆ ಹಾರುವುದು, ಮರವಿದ್ದರೆ ಏರಿ ಇಳಿಯುವುದು. ನಸುಕಿನಲ್ಲಿ ಬೆಟ್ಟದ ಬುಡದ ದಾರಿಯಲ್ಲಿ ನಾಯಿಯನ್ನು ಹಗ್ಗಬಿಚ್ಚಿ ಮುಂದೆ ಓಡಿಸುವ ಅಭ್ಯಾಸವಿದ್ದವರು ಅದನ್ನು ಬಿಡಬೇಕು. ಹಿಮಾಲಯದ ಕುರಿಗಾಹಿಗಳು ನಾಯಿಯ ಕೊರಳಿಗೆ ಕಬ್ಬಿಣದ ಮುಳ್ಳುಪಟ್ಟಿ ಕಟ್ಟುವುದುಂಟು. ಚಿರತೆಯು ಕೊರಳಿಗೇ ಬಾಯಿಹಾಕುವುದನ್ನು ಅವರು ತಲೆಮಾರುಗಳಿಂದ ಬಲ್ಲರು.

ಕುರಿಯ ರೊಪ್ಪದ ವಿಷಯದಲ್ಲಿಯೂ ಇದೇ ನಿಯಮ. ಸುತ್ತ ಮುಳ್ಳುಬೇಲಿಯಿದ್ದು ಮೇಲೆ ತೆರೆದಿದ್ದರೆ ಅದು ರಕ್ಷಣೆಯಾಗದು. ಒಳನುಗ್ಗಿದ ಚಿರತೆಯು ಕೆಲವೊಮ್ಮೆ ಒಂದನ್ನು ಒಯ್ಯುವ ಬದಲು ಹಲವನ್ನು ಕೊಂದುಹಾಕುವುದನ್ನು ಕಂಡು ಜನರು ಅದನ್ನು ಕ್ರೌರ್ಯವೆಂದು ಕರೆಯುತ್ತಾರೆ. ವಾಸ್ತವದಲ್ಲಿ, ಒಂದು ಬಿದ್ದೊಡನೆ ಉಳಿದವು ಓಡಿಹೋಗುವುದು ಬಯಲಿನ ರೀತಿಯಾದುದರಿಂದ, ಓಡಲಾರದೆ ಕಣ್ಣೆದುರಿನಲ್ಲಿಯೇ ಬೆದರಿ ಸುತ್ತುವ ಹಿಂಡು ಅದರ ಬೇಟೆಯ ಪ್ರವೃತ್ತಿಯನ್ನು ಮತ್ತೆ ಮತ್ತೆ ಕೆರಳಿಸುತ್ತದೆ.

ಕೋಳಿ ಹೋದಾಗಲೆಲ್ಲ ಚಿರತೆಯನ್ನೇ ದೂರಬೇಕಾಗಿಲ್ಲ. ನೀಳವಾದ ಕಾಲು, ಮೋಟು ಬಾಲ, ಕಿವಿಯ ತುದಿಯಲ್ಲಿ ಸಣ್ಣ ಕುಚ್ಚು ಉಳ್ಳ ಕಾಡುಬೆಕ್ಕು ನಮ್ಮ ರಾಗಿಯ ಹೊಲಗಳ ಬದುಗಳಲ್ಲಿ ಸಂಚರಿಸುವುದು. ಅದರ ಮುಖ್ಯ ಆಹಾರ ಇಲಿ, ಆದುದರಿಂದ ಅದು ರೈತನ ಮಿತ್ರ. ಅದಕ್ಕಿಂತಲೂ ಕಿರಿದಾದ, ಒಂದೂವರೆ ಕಿಲೋಗ್ರಾಮಿನಷ್ಟೇ ತೂಗುವ, ತುಕ್ಕಿನ ಬಣ್ಣದ ಚುಕ್ಕೆಗಳ ಬೆಕ್ಕೊಂದು ನಮ್ಮಲ್ಲಿದ್ದು, ಅದನ್ನು ಚಿರತೆಯ ಮರಿಯೆಂದು ಭ್ರಮಿಸಿ ಗಾಬರಿಗೊಳ್ಳುವವರುಂಟು. ಅಮೆರಿಕದ ಊರಂಚಿನ ಬಡಾವಣೆಗಳಲ್ಲಿ ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕಿನೊಡನೆ ಬಾಳುವವರಿಗೂ ಕೊಡುವ ಸಲಹೆ ಇಷ್ಟೇ: ಸಾಕಿದ ಪ್ರಾಣಿಯನ್ನು ರಾತ್ರಿ ಒಳಗಿಡು, ಕೋಳಿಗೂಡಿಗೆ ಮಾಡು ಹಾಕು.

ಆದರೆ ಒಂದು ಮನೆಯವರು ತಮ್ಮ ನಾಯಿಯನ್ನು ಒಳಗಿಟ್ಟುಕೊಂಡ ಮಾತ್ರಕ್ಕೆ ಕೆಲಸವು ಮುಗಿಯದು. ಹೆದ್ದಾರಿಯ ಬದಿಯಲ್ಲಿಯೂ ಕೆರೆಯ ಅಂಗಳದಲ್ಲಿಯೂ ಇರುಳಿನಲ್ಲಿ ಸುರಿದುಹೋಗುವ ಕೋಳಿ ಅಂಗಡಿಗಳ ತ್ಯಾಜ್ಯವು ಬೀದಿನಾಯಿಗಳ ಹಿಂಡನ್ನು ಪೋಷಿಸುತ್ತದೆ. ಆ ಹಿಂಡು ಚಿರತೆಯನ್ನು ಕರೆಯುತ್ತದೆ. ತ್ಯಾಜ್ಯವನ್ನು ನಿಲ್ಲಿಸದೆ ಚಿರತೆಯನ್ನು ದೂರವಿಡಬೇಕೆಂಬುದು ವ್ಯರ್ಥವಾದ ಬಯಕೆ. ನಾಯಿಗೆ ಲಸಿಕೆ ಹಾಕಿಸುವುದು ಕೂಡ ನಾಯಿಗೂ ಚಿರತೆಗೂ ಹಿತ: 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಅವುಗಳಲ್ಲಿ ಕೆಲವಕ್ಕೆ ನಾಯಿಗಳಲ್ಲಿ ಸಾಮಾನ್ಯವಾದ ಡಿಸ್ಟೆಂಪರ್ ವ್ಯಾಧಿಯು ತಗುಲಿದ್ದುದು ಪರೀಕ್ಷೆಯಿಂದ ತಿಳಿದಿತ್ತು.

ಇನ್ನು ‘ಹಿಡಿದು ಕಾಡಿಗೆ ಬಿಡಿ’ ಎಂಬ ಬೇಡಿಕೆ. ಪುಣೆಯ ಬಳಿಯ ಜುನ್ನರದಲ್ಲಿ 2001ರಿಂದ 2003ರವರೆಗೆ ಚಿರತೆಗಳನ್ನು ಹಿಡಿದು ಹತ್ತಿರದ ಕಾಡುಗಳಿಗೆ ಸಾಗಿಸಿದರು. ಅಲ್ಲಿಯವರೆಗೆ ವರ್ಷಕ್ಕೆ ಸರಾಸರಿ ನಾಲ್ಕರಷ್ಟಿದ್ದ ಮನುಷ್ಯರ ಮೇಲಿನ ದಾಳಿಗಳು ಹದಿನೇಳಕ್ಕೆ ಏರಿದುವು. ಅಪರಿಚಿತ ನೆಲದಲ್ಲಿ ಬಿಟ್ಟ ಪ್ರಾಣಿಯು ತನ್ನ ಹಳೆಯ ನೆಲೆಯನ್ನು ಹುಡುಕುತ್ತ ಅಲೆಯುವುದು, ಖಾಲಿಯಾದ ನೆಲೆಗೆ ಬೇರೊಂದು ಬಂದು ಸೇರುವುದು. ನಾಯಿಯೊಂದು ಹೋಯಿತೆಂದು ಬೋನು ಇಡಿಸುವುದು ಈ ಕಾರಣದಿಂದ ಹಿತಕರವಲ್ಲ. ಮನುಷ್ಯನ ಪ್ರಾಣವು ಹೋದಾಗಿನ ಮಾತು ಬೇರೆ. 2024ರ ನವೆಂಬರಿನಲ್ಲಿ ಶಿವಗಂಗೆಯ ಸಮೀಪದ ಹಳ್ಳಿಯೊಂದರಲ್ಲಿ ಹುಲ್ಲು ತರಲು ಹೋದ ಮಹಿಳೆಯೊಬ್ಬರು ಚಿರತೆಗೆ ಬಲಿಯಾದರು. ಆ ದುಃಖದ ಎದುರಿನಲ್ಲಿ ಸಹಬಾಳ್ವೆಯ ಉಪದೇಶವನ್ನು ಯಾರೂ ಮಾಡಲಾಗದು, ಅಂಥ ಕಡೆ ಬೋನು ಅವಶ್ಯಕವೇ ಸರಿ. ಬಗ್ಗಿ ಹುಲ್ಲು ಕೊಯ್ಯುವ ಮನುಷ್ಯನ ಆಕೃತಿಯು ನಾಲ್ಕು ಕಾಲಿನ ಪ್ರಾಣಿಯಷ್ಟೇ ಎತ್ತರವಾಗಿ ಕಾಣುವುದರಿಂದ, ಪೊದೆಯ ಅಂಚಿನಲ್ಲಿ ಒಬ್ಬೊಬ್ಬರೇ ಈ ಕೆಲಸಕ್ಕೆ ಹೋಗದಿರುವುದು, ಹೊತ್ತಿಳಿಯುವ ಮೊದಲೇ ಮರಳುವುದು ಕ್ಷೇಮ.

ಚಿರತೆಯು ಮನೆಯನ್ನೋ ಕೊಟ್ಟಿಗೆಯನ್ನೋ ಹೊಕ್ಕು ಸಿಕ್ಕಿಕೊಂಡರೆ, ಹೊರಗಿನಿಂದ ಬಾಗಿಲೆಳೆದು ಅರಣ್ಯ ಇಲಾಖೆಯ 1926 ಸಂಖ್ಯೆಗೆ ತಿಳಿಸಿ, ಗುಂಪು ಸೇರದಂತೆ ನೋಡಿಕೊಳ್ಳಬೇಕು. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಕುಂದಲಹಳ್ಳಿಯ ಶಾಲೆಯೊಂದರ ಆವರಣಕ್ಕೆ ಬಂದ ಚಿರತೆಯು ಗುಂಪಿನ ನಡುವೆ ಬೆದರಿ ಹಲವರನ್ನು ಗಾಯಗೊಳಿಸಿತು. ಸೆರೆಹಿಡಿಯುವ ಕಾರ್ಯಕ್ಕೆ ನೆರವಾಗಲು ಹೋಗಿದ್ದ ಸಂಜಯ ಗುಬ್ಬಿಯವರೂ ಅವರಲ್ಲಿ ಒಬ್ಬರು. ಚಿರತೆಗೆ ಕೊಟ್ಟ ಅರಿವಳಿಕೆಯ ಮದ್ದು ಅದರ ಶರೀರವನ್ನು ವ್ಯಾಪಿಸಲು ಹಲವು ನಿಮಿಷಗಳು ಹಿಡಿಯುತ್ತವೆ. ಆ ಅವಧಿಯಲ್ಲಿ ಪಶುವೈದ್ಯರಿಗೆ ಬೇಕಾದುದು ಮೌನವೂ ತೆರವಾದ ಅಂಗಳವೂ ಮಾತ್ರ.