ಲೀಗಿನ ಮೊದಲಿಗರು ಕಪ್ಪನ್ನು ಕಳೆದುಕೊಳ್ಳುವುದೇಕೆ?

ಕಾಲ್ಚೆಂಡಾಟವನ್ನು ಆಸಕ್ತಿಯಿಂದ ನೋಡುವ ವಾಚಕರಲ್ಲಿ ಅನೇಕರಿಗೆ ಈ ಸಂದೇಹ ಬಂದಿರಬಹುದು: ತಿಂಗಳುಗಟ್ಟಲೆ ಗೆಲ್ಲುತ್ತ ಬಂದ ತಂಡವೊಂದು ಕಡೆಯ ಒಂದೆರಡು ಆಟಗಳಲ್ಲಿ ಎಡವಿದ ಮಾತ್ರಕ್ಕೆ ಕಪ್ಪು ಇನ್ನೊಬ್ಬರ ಪಾಲಾಗುವುದು ನ್ಯಾಯವೇ?

ಇಂಡಿಯನ್ ಸೂಪರ್ ಲೀಗಿನ 2022-23ರ ಋತುವನ್ನೇ ನೋಡೋಣ. ಹನ್ನೊಂದು ತಂಡಗಳು ತಲಾ 20 ಪಂದ್ಯಗಳನ್ನಾಡಿದವು. ಮುಂಬಯಿ ಸಿಟಿ 46 ಅಂಕಗಳೊಡನೆ ಅಗ್ರಸ್ಥಾನ ಪಡೆದು ಶೀಲ್ಡನ್ನು ಗೆದ್ದುಕೊಂಡಿತು. ಬೆಂಗಳೂರು 34 ಅಂಕಗಳಿಂದ ನಾಲ್ಕನೆಯದಾಯಿತು. ಆದರೆ ಆಗ ಕಪ್ಪು ದೊರೆಯುತ್ತಿದ್ದುದು ಶೀಲ್ಡ್ ಗೆದ್ದವರಿಗಲ್ಲ; ಮೊದಲ ಆರು ತಂಡಗಳು ಮತ್ತೆ ಸೆಣಸುತ್ತಿದ್ದ ‘ಪ್ಲೇಆಫ್’ ಘಟ್ಟದಲ್ಲಿ ಉಳಿದವರಿಗೆ. ಸೆಮಿಫೈನಲ್ಲಿನಲ್ಲಿ ಇವೆರಡು ತಂಡಗಳು ಎದುರಾದವು. ಮುಂಬಯಿಯಲ್ಲಿ ಬೆಂಗಳೂರು 1-0ರಿಂದಲೂ, ಕಂಠೀರವ ಕ್ರೀಡಾಂಗಣದಲ್ಲಿ ಮುಂಬಯಿ 2-1ರಿಂದಲೂ ಗೆದ್ದವು. ಒಟ್ಟು ಸರಿಸಮ! ಕೊನೆಗೆ ಪೆನಾಲ್ಟಿಗಳಲ್ಲಿ ಬೆಂಗಳೂರು 9-8ರಿಂದ ಮುಂದೆ ಸಾಗಿತು. ನಮ್ಮ ಊರಿನ ತಂಡವೆಂದು ನಾವು ಹಿಗ್ಗಿದ್ದು ದಿಟ. ಆದರೆ ಹನ್ನೆರಡು ಅಂಕಗಳ ಅಂತರ ಎಲ್ಲಿ ಹೋಯಿತು?

ಉತ್ತರವು ಗಣಿತದಲ್ಲಿದೆ. ಒಂದು ನಾಣ್ಯವನ್ನು ಎರಡೇ ಸಲ ಚಿಮ್ಮಿದರೆ ಎರಡೂ ಸಲ ತಲೆಯೇ ಬೀಳುವುದು ಸೋಜಿಗವಲ್ಲ. ಇಪ್ಪತ್ತು ಸಲವೂ ತಲೆಯೇ ಬಿದ್ದರೆ ನಾಣ್ಯವನ್ನೇ ಸಂಶಯಿಸಬೇಕಾಗುತ್ತದೆ. ಪ್ರಯೋಗಗಳ ಸಂಖ್ಯೆ ಹೆಚ್ಚಿದಂತೆ ಆಕಸ್ಮಿಕದ ಪಾಲು ತಗ್ಗಿ ನಿಜವಾದ ಬಲ ಹೊರಬೀಳುತ್ತದೆಂಬ ನಿಯಮವನ್ನು ಯಾಕೋಬ್ ಬರ್ನೂಲಿ ಎಂಬ ಸ್ವಿಸ್ ಗಣಿತಜ್ಞನು ಸಾಧಿಸಿ ತೋರಿಸಿದನು. ಅವನ ಗ್ರಂಥ ಪ್ರಕಟವಾದುದು ಅವನು ತೀರಿಕೊಂಡ ಮೇಲೆ, 1713ರಲ್ಲಿ.

ಬಲಿಷ್ಠ ತಂಡವೊಂದು ಎಂಥ ಎದುರಾಳಿಯನ್ನಾದರೂ ಮೂರರಲ್ಲಿ ಎರಡು ಸಲ ಸೋಲಿಸಬಲ್ಲುದೆಂದು ಇಟ್ಟುಕೊಳ್ಳೋಣ. ಸರಿಸಮವಾಗುವ ಆಟಗಳನ್ನು ಸದ್ಯಕ್ಕೆ ಬಿಡೋಣ. ಇಪ್ಪತ್ತು ಪಂದ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅದು ಗೆಲ್ಲುವ ಸಂಭವ ನೂರಕ್ಕೆ ತೊಂಬತ್ತನ್ನು ಮೀರುತ್ತದೆ. ಆದರೆ ಸೆಮಿಫೈನಲ್, ಫೈನಲ್ ಎರಡನ್ನೂ ಗೆಲ್ಲುವ ಸಂಭವವೆಷ್ಟು? ಮೂರನೆಯ ಎರಡನ್ನು ಮೂರನೆಯ ಎರಡರಿಂದ ಗುಣಿಸಿದರೆ ಒಂಬತ್ತರಲ್ಲಿ ನಾಲ್ಕು, ಅರ್ಧಕ್ಕಿಂತ ಕಡಿಮೆ!

ಕಾಲ್ಚೆಂಡಾಟದಲ್ಲಿ ಗೋಲುಗಳು ವಿರಳ. ಕಬಡ್ಡಿಯಲ್ಲಿ ಹತ್ತಾರು ಅಂಕಗಳ ನಡುವೆ ಒಂದು ತಪ್ಪು ಕರಗಿಹೋಗುತ್ತದೆ. ಇಲ್ಲಿಯಾದರೋ ಒಂದು ಜಾರು, ಕಂಬಕ್ಕೆ ಬಡಿದ ಒಂದು ಚೆಂಡು ಪಂದ್ಯವನ್ನೇ ತೀರ್ಮಾನಿಸಬಹುದು. ಪೆನಾಲ್ಟಿಯಲ್ಲಂತೂ ಆಕಸ್ಮಿಕದ್ದೇ ದೊಡ್ಡ ಕೈ. ಚೆಂಡಿಗೂ ಗೋಲಿಗೂ ಸುಮಾರು 11 ಮೀಟರ್ ದೂರ. ಸೆಕೆಂಡಿಗೆ 25 ಮೀಟರ್ ವೇಗದ ಚೆಂಡು 0.44 ಸೆಕೆಂಡಿನಲ್ಲಿ ಗೆರೆ ಸೇರುತ್ತದೆ. ಕಣ್ಣು ಕಂಡುದಕ್ಕೆ ದೇಹ ಸ್ಪಂದಿಸಲು ಸುಮಾರು 0.2 ಸೆಕೆಂಡು ಬೇಕು. ಉಳಿದ ಕಾಲು ಸೆಕೆಂಡಿನಷ್ಟು ಹೊತ್ತಿನಲ್ಲಿ 7.32 ಮೀಟರ್ ಅಗಲದ ಗೋಲಿನ ಮೂಲೆಗೆ ಹಾರುವುದು ಹೇಗೆ? ಆದುದರಿಂದ ಗೋಲ್ ಕೀಪರನು ಅನೇಕ ವೇಳೆ ಒದೆತಕ್ಕೆ ಮೊದಲೇ ಒಂದು ಪಕ್ಕವನ್ನು ಊಹಿಸಿ ಹಾರುತ್ತಾನೆ. ನಾಲ್ಕು ಪೆನಾಲ್ಟಿಗಳಲ್ಲಿ ಮೂರು ಗೋಲಾಗುವುದು ವಾಡಿಕೆಯೆಂದು ಎಣಿಸಿದರೆ, ಕಂಠೀರವದ ಆ ರಾತ್ರಿ ಮೊದಲ ಹದಿನಾರು ಒದೆತಗಳೂ ಗೋಲಾದುದು ನೂರರಲ್ಲೊಂದು ಸಲ ನಡೆಯುವ ಸಂಗತಿ. ಹದಿನೇಳನೆಯದನ್ನು ಗುರ್‌ಪ್ರೀತ್ ಸಿಂಗ್ ಸಂಧು ತಡೆದರು. ಹದಿನೆಂಟನೆಯದನ್ನು ಸಂದೇಶ್ ಝಿಂಗನ್ ಗೋಲಾಗಿಸಿದರು.

ಹಾಗಾದರೆ ಪ್ಲೇಆಫ್ ಏಕೆ? ಅಗ್ರಸ್ಥಾನ ಕೆಲವು ವಾರ ಮೊದಲೇ ನಿಶ್ಚಯವಾದರೆ ಉಳಿದ ಆಟಗಳನ್ನು ನೋಡುವವರು ಯಾರು? ನಿರ್ವಾಹಕರು ಬೇಕೆಂದೇ ಆಕಸ್ಮಿಕಕ್ಕೆ ಬಾಗಿಲು ತೆರೆದಿಟ್ಟಿದ್ದರು. ಶೀಲ್ಡು ಬಲದ ಅಳತೆಗೋಲು. ಕಪ್ಪು ಅಷ್ಟು ನಂಬಿಕೆಯ ಅಳತೆಗೋಲಲ್ಲ ಎಂಬುದು ನಮ್ಮ ಅಭಿಪ್ರಾಯ.

ಈ ಬಾಗಿಲು ಬೆಂಗಳೂರಿಗೆ ಹೊಸದೇನಲ್ಲ. 2017-18ರಲ್ಲಿ ಅದು 40 ಅಂಕಗಳಿಂದ ಮೊದಲಿಗನಾಗಿತ್ತು. ಎರಡನೆಯ ಚೆನ್ನೈಯಿನ್ ತಂಡಕ್ಕಿದ್ದುದು 32. ಆದರೆ ಇದೇ ಕಂಠೀರವದಲ್ಲಿ ನಡೆದ ಫೈನಲ್ಲನ್ನು ಚೆನ್ನೈಯಿನ್ 3-2ರಿಂದ ಗೆದ್ದಿತು. ಇನ್ನು 2023ರ ಫೈನಲ್ಲು: ಗೋವೆಯಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು ಆಟ 2-2ರಲ್ಲಿ ನಿಂತಿತು. ಮತ್ತೆ ಪೆನಾಲ್ಟಿಗಳು. ಈ ಸಲ ಬೆಂಗಳೂರು 3-4ರಿಂದ ಸೋತಿತು.