ಕರೆಂಟು ಬಿಲ್ಲು ಬಂತು!

ಪ್ರತಿ ತಿಂಗಳು ನಮ್ಮ ಓಣಿಗೆ ಒಬ್ಬ ಕಾಕಾ ಬರುತ್ತಾರೆ. ಹೆಗಲಿಗೆ ಚೀಲ, ಕೈಯಾಗ ಬಿಲ್ಲು ಹೊಡಿಯೋ ಸಣ್ಣ ಮಶೀನು. ಇಂಥವರಿಗೆ ಗ್ರಾಮ ವಿದ್ಯುತ್ ಪ್ರತಿನಿಧಿ ಅನ್ನುತ್ತಾರೆ. ನಮ್ಮ ಆಯಿ ಮಾತ್ರ ಇನ್ನೂ "ಕೆ.ಇ.ಬಿ.ಯಂವ ಬಂದ" ಅಂತಾಳೆ. ಕೆ.ಇ.ಬಿ. ಹೋಗಿ ಬಹಳ ವರ್ಷ ಆತು. 2002ರಿಂದ ನಮ್ಮ ಬಾಗಲಕೋಟೆ ಕಡೆ ಕರೆಂಟು ಕೊಡುವುದು ಹೆಸ್ಕಾಂ.

ಒಂದು ರಜೆಯ ದಿನ ನಾನು ಕಾಕಾನ ಬೆನ್ನು ಹತ್ತಿ ಊರೆಲ್ಲ ತಿರುಗಿದೆ. ಮೀಟರಿನಲ್ಲಿ ಹೋದ ತಿಂಗಳು 1482 ಇದ್ದು ಈ ತಿಂಗಳು 1521 ಇದ್ದರೆ, ಕಳೆದಾಗ ಬರುವ 39 ನಾವು ಸುಟ್ಟ ಯೂನಿಟ್ಟು. ಒಂದು ಯೂನಿಟ್ಟು ಅಂದರೆ 1000 ವ್ಯಾಟ್ ಒಂದು ತಾಸು ಉರಿದಷ್ಟು. 100 ವ್ಯಾಟಿನ ಹಳೇ ಬಲ್ಬು 10 ತಾಸಿಗೆ ಅದನ್ನು ತಿನ್ನುತ್ತದೆ. 9 ವ್ಯಾಟಿನ ಎಲ್.ಇ.ಡಿ. ಬಲ್ಬಿಗೆ 111 ತಾಸು ಬೇಕು. (ಲೆಕ್ಕ ಮಾಡಿ ನೋಡಿರಿ!)

ಬಿಲ್ಲು ಹರಿದು ಕೊಡೋದು ಸುಲಭ, ರೊಕ್ಕ ವಸೂಲಿ ಮಾಡೋದು ಕಷ್ಟ. ಅರ್ಧ ಮನೆಗಳಿಗೆ ಕೀಲಿ. ಗೋವಾಕ್ಕೆ, ಮಂಗಳೂರಿಗೆ ದುಡಿಯಾಕ ಹೋದವರ ಕದದ ಸಂದಿಯೊಳಗ ಕಾಕಾ ಬಿಲ್ಲು ತುರುಕಿದರು. ಉಳಿದವರು "ಜ್ವಾಳ ಬರಲಿ, ಕೊಡ್ತೀವಿ" ಅಂದರು. ಅದೂ ಸುಳ್ಳಲ್ಲ. ಹುನಗುಂದದ ಎರಿ ಹೊಲದವರಿಗೆ ರೊಕ್ಕ ಬರೋದು ಸುಗ್ಗಿಗೆ. ಇಳಕಲ್ಲಿನ ನಮ್ಮ ಅತ್ತಿ ಕೈಮಗ್ಗದಾಗ ಸೀರಿ ನೇಯ್ತಾಳೆ, ಸೀರಿ ಮುಗಿದ ಮ್ಯಾಲೇ ಆಕಿಗೆ ಮಜೂರಿ. ಬಿಲ್ಲು ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ.

ಈಗ ನಮ್ಮ ಮನೆಯ ಸುದ್ದಿ ಹೇಳುತ್ತೇನೆ. 2023ರ ಆಗಸ್ಟ್‌ದಿಂದ ಗೃಹಜ್ಯೋತಿಯ ಸೊನ್ನೆ ಬಿಲ್ಲು ಬರತೊಡಗಿತು. ಆದರೆ ಜೂನ್ 30ರ ತನಕದ ಹಳೇ ಬಾಕಿ ಮಾಫಿ ಆಗಿರಲಿಲ್ಲ, ಮೂರು ತಿಂಗಳೊಳಗ ತುಂಬಬೇಕಿತ್ತು. ಆ ವರ್ಷ ಬರ. ಅಪ್ಪ ಅವ್ವ ಗೋವಾದಾಗ. ಕಾಕಾ ಮೂರು ಸಲ ಬಂದು ಹೇಳಿದರು. "ಪುಕ್ಕಟೆ ಅಂದಾರಲ್ಲೋ ತಮ್ಮಾ, ಮತ್ಯಾಕ ಕೇಳ್ತಿ?" ಅಂತ ಆಯಿ ಜಗಳಕ್ಕೇ ನಿಂತಳು. ನಾನಾಗ 7ನೇ ತರಗತಿ. ಬಿಲ್ಲಿನ ಕೆಳಗೆ "ಬಾಕಿ" ಅಂತ ಇದ್ದದ್ದನ್ನು ನಾನೂ ಓದಲಿಲ್ಲ.

ಮಹಾನವಮಿ ಮುಂದೆ ಲೈನ್‌ಮನ್ ಕಂಬ ಏರಿ ನಮ್ಮ ವಾಯರ್ ಬಿಚ್ಚಿದರು. ಕಾಕಾ ಕೆಳಗೆ ನಿಂತು ನೆಲ ನೋಡುತ್ತಿದ್ದರು. ಅವರ ಮಗ ನನ್ನ ಬೆಂಚಿನವನೇ. ಎಂಟು ದಿನ ನಾವಿಬ್ಬರೂ ಮಾತಾಡಲಿಲ್ಲ. ಅಪ್ಪ ರೊಕ್ಕ ಕಳಿಸೋತನಕ ಬುಡ್ಡಿ ದೀಪದಾಗ ಓದಿದೆ. ರೊಕ್ಕ ಬಂದಾಗ ಬಾಕಿ ತುಂಬಿ, ರಸೀದಿ ತಂದುಕೊಟ್ಟವರೂ ಆ ಕಾಕಾನೇ!

ಇನ್ನೊಂದು ಮಾತು. ಸೊನ್ನೆ ಬಿಲ್ಲಿಗೂ ಮಿತಿ ಇದೆ. ನಿಮ್ಮ ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಕೂಡಿಸಿ ಆ ಮಿತಿ ಹಾಕಿದ್ದಾರೆ. ಅದನ್ನು ದಾಟಿದಷ್ಟಕ್ಕೆ ರೊಕ್ಕ ಕೊಡಬೇಕು. 200 ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ.

ಆಯಿ ಈಗ ಬಿಲ್ಲುಗಳನ್ನೆಲ್ಲ ಒಂದು ತಂತಿಗೆ ಚುಚ್ಚಿ ಗೂಡಿನ ಹತ್ತಿರ ತೂಗುಹಾಕಿದ್ದಾಳೆ. ಸೊನ್ನೆ ಇದ್ದರೂ ನನ್ನ ಕೈಲಿ ಕೊಟ್ಟು "ಕೆಳಗಿಂದು ಓದು" ಅಂತಾಳೆ.